ದಬ್ಬೆ ಸುಳ್ಳು ಹೇಳಲ್ಲ: ನಿಟ್ಟೂರಿನಾಚೆ ಐದು ದಿನ

ಮೊದಲ ದಿನ: ಉರುಳಿ ಹೋದ ಸುರುಳಿ

ಏಪ್ರಿಲ್ ಕೊನೆಯ ವಾರ. ಬೆಳಿಗ್ಗೆ ಆರೂವರೆಗೆ ಶಿವಮೊಗ್ಗ ಬಿಟ್ಟೆವು. ಒಂದು ಜೀಪು, ಒಂದು ಪಿಕಪ್, ಏಳು ಜನ. ಪಿಕಪ್ಪಿನಲ್ಲಿ ಕಪ್ಪು ಪೈಪಿನ 12 ಸುರುಳಿ, ಸಿಮೆಂಟ್ ಚೀಲ, ಮಂಗಳೂರು ಹೆಂಚು. ಎಲ್ಲದರ ಸಂದಿಯಲ್ಲಿ ಮುದುರಿಕೊಂಡು ನಿದ್ದೆ ಹೊಡೆಯುತ್ತಿದ್ದ ಭದ್ರಾವತಿಯ ಪ್ಲಂಬರ್ ಹುಡುಗ.

ನಮ್ಮದು ಸಂಸ್ಥೆ ಗಿಂಸ್ಥೆ ಏನಲ್ಲ. ತಿಂಗಳಿಗಿಷ್ಟು ಅಂತ ದುಡ್ಡು ಒಟ್ಟು ಹಾಕುವ ಗೆಳೆಯರು ಅಷ್ಟೆ. ನಿವೃತ್ತ ಇಂಜಿನಿಯರ್ ಒಬ್ಬರಿದ್ದಾರೆ, ಅವರು ತಲೆ. ಕಾಲೇಜು ಹುಡುಗರು ಕೈಕಾಲು. ನಾನು ಲೆಕ್ಕ ಬರೆಯುವವನು. ಗುದ್ದಲಿ ಹಿಡಿದರೆ ಅರ್ಧ ಗಂಟೆಯಲ್ಲಿ ಅಂಗೈಗೆ ಬೊಬ್ಬೆ ಬರುವ ಜಾತಿ.

ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರದಲ್ಲಿ ಇಡ್ಲಿ ತಿಂದೆವು. ಈ ಕಡೆ ಹೋಗುವವರು ಡೀಸೆಲ್ಲು, ನೋಟು, ತಲೆನೋವಿನ ಮಾತ್ರೆ ಎಲ್ಲವನ್ನೂ ಹೊಸನಗರದಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ನಗರ ದಾಟಿದ ಮೇಲೆ ಫೋನ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಸಂಪೆಕಟ್ಟೆ, ನಿಟ್ಟೂರು ಅಂತ ಹೋಗುತ್ತಾ ಹೋಗುತ್ತಾ ರಸ್ತೆ ಸಣ್ಣದಾಗುತ್ತದೆ, ಮರಗಳು ದೊಡ್ಡದಾಗುತ್ತವೆ. ಎಡಕ್ಕೋ ಬಲಕ್ಕೋ ತಿರುವಿನಲ್ಲೊಮ್ಮೆ ಕೊಡಚಾದ್ರಿ ಕಾಣಿಸಿ ಮಾಯವಾಗುತ್ತದೆ. 1343 ಮೀಟರ್ ಎತ್ತರದ ಬೆಟ್ಟ ಹೇಗೆ ಹೀಗೆ ಕಣ್ಣಾಮುಚ್ಚಾಲೆ ಆಡುತ್ತದೋ!

ನಾವು ಹೋಗಬೇಕಾದ ಊರಿನಲ್ಲಿ 14 ಮನೆ, ಒಂದು ಶಾಲೆ. ಹೆಸರು ಬರೆಯುವುದಿಲ್ಲ. ಊರಿನವರೇ ಬೇಡ ಅಂದಿದ್ದಾರೆ. "ಆಮೇಲೆ ಜನ ರೀಲ್ಸ್ ಮಾಡೋಕೆ ಬರ್ತಾರೆ" ಅಂತ.

ಕೊನೆಯ ನಾಲ್ಕು ಕಿಲೋಮೀಟರ್ ಮಣ್ಣುದಾರಿ. ಕಡೆಯ ಏರನ್ನು ಪಿಕಪ್ ಹತ್ತಲಿಲ್ಲ. ಮೂರು ಸಲ ಪ್ರಯತ್ನಿಸಿ, ಕೆಂಪು ಧೂಳಿನಲ್ಲಿ ನಮ್ಮನ್ನೆಲ್ಲ ಮುಳುಗಿಸಿ, ಡ್ರೈವರ್ ಕೈಚೆಲ್ಲಿದ. ಅಲ್ಲಿಂದ ಹೊರಬೇಕು. ಪೈಪಿನ ಸುರುಳಿ ಅಂದರೆ 100 ಮೀಟರ್, ಒಬ್ಬನೇ ಎತ್ತುವಂಥದ್ದಲ್ಲ. ಕಾಲೇಜು ಹುಡುಗನೊಬ್ಬ ಬುದ್ಧಿ ಓಡಿಸಿದ. ಚಕ್ರದ ಹಾಗಿದೆಯಲ್ಲ, ಉರುಳಿಸೋಣ ಅಂದ. ಉರುಳಿಸಿದ. ಅದು ಮೇಲಕ್ಕೆ ಹೋಗುವ ಬದಲು ಕೈತಪ್ಪಿ ಕೆಳಕ್ಕೆ ಹೊರಟಿತು. ಬೇಲಿ ಹಾರಿತು. ಅಡಿಕೆ ತೋಟದೊಳಗೆ ಎರಡು ಮರಕ್ಕೆ ಡಿಕ್ಕಿ ಹೊಡೆದು ಕಾಲುವೆಯಲ್ಲಿ ಮಲಗಿತು.

ತೋಟದ ಯಜಮಾನರು ಕತ್ತಿ ಹಿಡಿದುಕೊಂಡೇ ಹೊರಗೆ ಬಂದರು. ನಾವು ಬೈಗುಳಕ್ಕೆ ತಯಾರಾಗಿ ನಿಂತೆವು. ಅವರು ಪೈಪನ್ನೂ ನಮ್ಮನ್ನೂ ನೋಡಿ, "ನೀರು ಬರುತ್ತೆ ಅಂದಿದ್ರಿ. ಪೈಪೇ ಓಡಿ ಬಂತಲ್ಲ ಮಾರಾಯ್ರೇ" ಅಂದರು. ಆಮೇಲೆ "ಆಸ್ರಿಗೆ ಎಂತ ಮಾಡಿಸ್ಲಿ?" ಬಿಸಿಲಲ್ಲಿ ಬಂದವರಿಗೆ ಮಲೆನಾಡಿನಲ್ಲಿ ಮೊದಲು ಕೇಳುವ ಮಾತು ಅದೇ. ಮುರುಗಲು ಹಣ್ಣಿನ ಪಾನಕ ಬಂತು. ಕೆಂಪಗೆ, ಹುಳಿಯಾಗಿ, ಬೆಲ್ಲ ಕರಗಿ. ನಾನು ಮೂರು ಲೋಟ ಕುಡಿದೆ.

ಸಂಜೆ ಶಾಲೆಗೆ ಹೋದೆವು. ರಜೆ, ಮಕ್ಕಳಿಲ್ಲ. ನಮಗೆ ಮಲಗಲು ಕೊಟ್ಟಿದ್ದು ಅದೇ ಜಗಲಿ. ಒಳಗೆ ಮೂಲೆಯಲ್ಲಿ ಸ್ಟೀಲಿನ ಫಿಲ್ಟರ್ ನಿಂತಿತ್ತು. ಬಾಗಿಲು ತೆಗೆದರೆ ಒಳಗೆ ಸೀಮೆಸುಣ್ಣ, ಡಸ್ಟರ್, ಒಂದು ಗಂಟೆ ಹೊಡೆಯುವ ಕಬ್ಬಿಣದ ತುಂಡು. ಎರಡು ವರ್ಷದ ಹಿಂದೆ ಯಾರೋ ದಾನ ಕೊಟ್ಟಿದ್ದು.

ಯಾರೋ ಏನು, ನಾವೇ. ಟೇಪು ಕತ್ತರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಂಡು ಹೋಗಿದ್ದೆವು. ಮಳೆಗಾಲದಲ್ಲಿ ಇಲ್ಲಿ ವಾರಗಟ್ಟಲೆ ಕರೆಂಟ್ ಇರುವುದಿಲ್ಲ. ಫಿಲ್ಟರಿನ ಕ್ಯಾಂಡಲ್ ಬದಲಿಸಬೇಕು ಅಂದರೆ ಶಿವಮೊಗ್ಗಕ್ಕೆ ಹೋಗಬೇಕು. ಅದಕ್ಕೆ ದುಡ್ಡು ಯಾರದು ಅಂತ ನಾವು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ನಾಲ್ಕೇ ತಿಂಗಳು ಓಡಿತಂತೆ. ನಮ್ಮ ಇಂಜಿನಿಯರ್ ಸಾಹೇಬರು ಅದನ್ನು ಒಂದು ಸುತ್ತು ಹಾಕಿ ನೋಡಿ, "ಬೀರು ಚೆನ್ನಾಗಿದೆ" ಅಂದರು.

ಎರಡನೇ ದಿನ: ಅಜ್ಜನ ಹಿಂದೆ

ಬೆಳಿಗ್ಗೆ ಕಾಡಿಗೆ ಹೊರಡುವ ಮೊದಲು ಆಶಾ ಕಾರ್ಯಕರ್ತೆ ಬಂದು ನಮ್ಮನ್ನೆಲ್ಲ ಸಾಲಾಗಿ ಕೂರಿಸಿದರು. ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ಎಣ್ಣೆ. ಕಾಲಿಗೆ, ಕೈಗೆ, ಕುತ್ತಿಗೆಗೆ. ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಡಿಸೆಂಬರಿನಿಂದ ಮೇ ತನಕ ಭಯ ಜಾಸ್ತಿ. ಬೇಸಿಗೆ ಅಂತ ಅರ್ಧ ಚಡ್ಡಿ ಹಾಕಿ ಬಂದಿದ್ದ ಹುಡುಗನಿಗೆ ಆಕೆ ತಮ್ಮ ಮನೆಯಿಂದಲೇ ಒಂದು ಹಳೆ ಪ್ಯಾಂಟು ತಂದು ಕೊಟ್ಟರು. "ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಬಂದು ನಂಗೆ ಹೇಳಿ" ಅಂದರು. ಸಂಜೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ ಅಂತ ತಾಕೀತು.

ದಾರಿ ತೋರಿಸಲು ಬಂದವರು ಕೊನೆಮನೆ ಅಜ್ಜ. ಎಪ್ಪತ್ತು ದಾಟಿದೆ. ಬರಿಗಾಲು, ಸೊಂಟದಲ್ಲಿ ಕತ್ತಿ. ಏರು ಹತ್ತುವಾಗಲೂ ಮಾತು ನಿಲ್ಲಿಸುತ್ತಿರಲಿಲ್ಲ, ನಾವು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಅರ್ಧ ದಾರಿಯಲ್ಲಿ ಮರಗಳ ನಡುವೆ ದೂರದಲ್ಲಿ ನೀರು ಹೊಳೆಯಿತು. ಶರಾವತಿ ಹಿನ್ನೀರು. ಅಜ್ಜ ಕತ್ತಿಯಲ್ಲೇ ತೋರಿಸಿದರು. "ನಮ್ಮ ಹಳೇ ಮನೆ ಅದರಡಿ ಇದೆ." ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅವರಾಗ ಸಣ್ಣ ಹುಡುಗ. ಪಾತ್ರೆ, ದನ, ಬಾಗಿಲ ದಾರಂದ ಹೊತ್ತುಕೊಂಡು ಮೇಲೆ ಬಂದಿದ್ದು ನೆನಪಿದೆಯಂತೆ. ನೀರು ತುಂಬಾ ಇಳಿದ ಬೇಸಿಗೆಯಲ್ಲಿ ಅದಕ್ಕಿಂತ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಜನ ಅದನ್ನು ನೋಡಲು ಕಾರು ಮಾಡಿಕೊಂಡು ಹೋಗುತ್ತಾರೆ. ಅಜ್ಜ ಒಮ್ಮೆಯೂ ಹೋಗಿಲ್ಲ. "ಅಷ್ಟು ನೀರು ಕೊಟ್ಟು ಬಂದ್ವಿ. ಇಲ್ಲಿ ಕೊಡ ಹೊತ್ತು ಹೊತ್ತು ನಮ್ಮನೆಯವಳ ಸೊಂಟ ಹೋಯ್ತು" ಅಂತ ನಕ್ಕರು. ನಗುವ ಮಾತಾಗಿರಲಿಲ್ಲ.

ಒರತೆ ಇರುವುದು ಊರಿನಿಂದ 1200 ಮೀಟರ್ ದೂರ, ಮೇಲ್ಗಡೆ, ಒಂದು ಜಡ್ಡಿಯ ತುದಿಯಲ್ಲಿ. ಜಡ್ಡಿ ಅಂದರೆ ಕಾಡಿನೊಳಗಿನ ಜೌಗು ನೆಲ. ಬೇರುಗಳು ಮಂಡಿ ಮಡಚಿಕೊಂಡ ಹಾಗೆ ಕೆಸರಿನಿಂದ ಎದ್ದಿದ್ದವು. ಬಂಡೆಯ ಬುಡದಲ್ಲಿ ನೀರು, ಸದ್ದಿಲ್ಲದೆ. ಊರಿಗೆ ಹತ್ತಿರದಲ್ಲೇ ಒಂದು ಹಳ್ಳವೂ ಇದೆ. ಅದನ್ನೇ ಇಷ್ಟು ದಿನ ಕುಡಿಯುತ್ತಿದ್ದರು. ಆದರೆ ಅದರ ಮೇಲ್ಗಡೆ ದನ ಇಳಿಯುತ್ತವೆ, ಮೇ ಹೊತ್ತಿಗೆ ಹಳ್ಳ ಬರೀ ಕಲ್ಲು. ಈ ಒರತೆ ಒಣಗಿದ್ದನ್ನು ಅಜ್ಜ ಕಂಡಿಲ್ಲ.

ಆದರೂ ಅಳೆಯಬೇಕು. ಹೋದ ವರ್ಷ ಇದೇ ಹೊತ್ತಿಗೆ ಅಳೆದಿದ್ದೆವು, ಈಗ ಮತ್ತೆ. ಮಲೆನಾಡಿನಲ್ಲಿ ಜುಲೈಯಲ್ಲಿ ನೀರು ಅಳೆಯುವುದು ಅಂದರೆ ಮದುವೆ ದಿನ ಮನೆಯವರನ್ನು ಎಣಿಸಿದ ಹಾಗೆ. ಬೇಸಿಗೆ ಕೊನೆಯಲ್ಲಿ ಉಳಿಯುವುದೇ ಲೆಕ್ಕ. 20 ಲೀಟರ್ ಬಕೆಟ್ ತುಂಬಲು 48 ಸೆಕೆಂಡ್ ಹಿಡಿಯಿತು. ಅಂದರೆ ನಿಮಿಷಕ್ಕೆ 25 ಲೀಟರ್, ದಿನಕ್ಕೆ 36 ಸಾವಿರ. ಊರಲ್ಲಿರುವುದು 61 ಜನ. ಸರ್ಕಾರದ ಜಲಜೀವನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ನಾನು ಅಲ್ಲೇ ಎಲೆ ಮೇಲೆ ಬರೆದೆ: ಮೂರೂವರೆ ಸಾವಿರವೂ ಬೇಡ. ಇದೊಂದೇ ಕೆಲಸಕ್ಕೆ ನಾನು ಹೋಗಿದ್ದೇನೋ ಅನ್ನಿಸಿತು.

ಒರತೆಗೆ ಕಲ್ಲು ಸಿಮೆಂಟಿನ ಸಣ್ಣ ತೊಟ್ಟಿ ಕಟ್ಟಿದೆವು. ಒಳಗೆ ಜಲ್ಲಿ, ಜಲ್ಲಿಯೊಳಗೆ ತೂತು ಹೊಡೆದು ಜಾಲರಿ ಸುತ್ತಿದ ಪೈಪು, ಮೇಲೆ ಚಪ್ಪಡಿ. ಎಲೆ ಬೀಳಬಾರದು, ಹಂದಿ ಹೊರಳಬಾರದು. ಇಂಜಿನಿಯರ್ ಸಾಹೇಬರು ಒರತೆಯನ್ನು ಪೂರ್ತಿ ಮುಚ್ಚುವ ನಕ್ಷೆ ಹಾಕಿದ್ದರು. ಅಜ್ಜ ಒಪ್ಪಲಿಲ್ಲ. "ಕಾಟಿ ಎಂತ ಕುಡೀಬೇಕು?" ಅಂದರು. ಕಾಟಿ ಅಂದರೆ ಕಾಡುಕೋಣ. ಹೆಚ್ಚಾದ ನೀರು ಹೊರಗೆ ಬೀಳಲು ಒಂದು ಕಿಂಡಿ ಬಿಡಿಸಿ, ಕೆಳಗೆ ಕಲ್ಲು ಸರಿಸಿ ಸಣ್ಣ ಗುಂಡಿ ಮಾಡಿಕೊಟ್ಟರು. ಮಾರನೇ ದಿನ ಬಂದಾಗ ಗುಂಡಿಯ ಅಂಚಲ್ಲಿ ಗೊರಸಿನ ಗುರುತು ಇತ್ತು.

ಮಧ್ಯಾಹ್ನ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟಿದ್ದ ಕಡುಬು, ಕಾಯಿ ಚಟ್ನಿ, ಅಪ್ಪೆಮಿಡಿ. ಈ ಮಿಡಿಯ ಉಪ್ಪಿನಕಾಯಿ ಬಗ್ಗೆ ಬರೆದರೆ ನೀರಿನ ಕಥೆ ಮುಗಿಯುವುದಿಲ್ಲ. ಬಿಡಿ.

ನಾಲ್ಕು ಗಂಟೆಗೆ ಗುಡುಗು. ಇಳಿದು ಊರಿಗೆ ಬರುವಷ್ಟರಲ್ಲಿ ಎಲ್ಲರ ಮನೆ ಅಂಗಳದಲ್ಲೂ ಗಲಾಟೆ. ಹಲಸಿನ ಹಪ್ಪಳ! ಚಾಪೆಗಟ್ಟಲೆ ಹರಡಿದ್ದರು. ನಮ್ಮ ಸುಸ್ತು ಯಾರಿಗೂ ಬೇಕಿರಲಿಲ್ಲ. ಒಬ್ಬರು ಅಕ್ಕ, "ಹೋಯ್, ನೋಡ್ತಾ ನಿಲ್ಬೇಡಿ, ಎತ್ತಿ ಎತ್ತಿ" ಅಂತ ಕೂಗಿದರು. ಒದ್ದೆ ಹಪ್ಪಳ ಎತ್ತುವುದಕ್ಕೂ ಒಂದು ವಿದ್ಯೆ ಇದೆ, ಅದು ನಮಗೆ ಬರಲಿಲ್ಲ. ಹರಿದ ಹಪ್ಪಳವನ್ನೆಲ್ಲ ರಾತ್ರಿ ಕೆಂಡದ ಮೇಲೆ ಸುಟ್ಟು ನಮಗೇ ತಿನ್ನಿಸಿದರು.

ಮೂರನೇ ದಿನ: ನೀರು ಬರಲಿಲ್ಲ

ಪೈಪ್ ಎಳೆಯುವ ದಿನ. ನೆಲ ಅಗೆಯದೆ, ಮರ ಮುಟ್ಟದೆ, ಬುಡಗಳ ನಡುವೆ ಹಾಸಿಕೊಂಡು ಬರಬೇಕು. ಒಪ್ಪಿಗೆ ಸಿಕ್ಕಿದ್ದೇ ಆ ಷರತ್ತಿನ ಮೇಲೆ. ಊರಿನ ಹದಿನೈದು ಜನ ಬಂದರು. ನಾವು ಏಳು ಜನ ಮಾಡುತ್ತಿದ್ದದ್ದನ್ನು ಅವರಲ್ಲಿ ಮೂವರು ಮಾಡುತ್ತಿದ್ದರು. ಇದನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ಒರತೆಗೂ ಊರಿನ ಟ್ಯಾಂಕಿಗೂ ಎತ್ತರದ ವ್ಯತ್ಯಾಸ 38 ಮೀಟರ್. ಹತ್ತು ಮೀಟರ್ ಇಳಿತಕ್ಕೆ ಸುಮಾರು ಒಂದು ಕೆಜಿ ಒತ್ತಡ. ಅದಕ್ಕೇ ಆರು ಕೆಜಿ ಒತ್ತಡ ತಡೆಯುವ ಪೈಪ್ ತಂದಿದ್ದೆವು. ನಾಲ್ಕು ಕೆಜಿಯದು ಅಗ್ಗ, ಆದರೆ ಕೆಳಗೆ ನಲ್ಲಿ ಮುಚ್ಚಿದಾಗ ಎದೆ ಡವಡವ ಅನ್ನುತ್ತದೆ. ಮೋಟಾರ್ ಇಲ್ಲ, ಕರೆಂಟ್ ಇಲ್ಲ. ನೀರು ತಾನಾಗಿ ಇಳಿದು ಬರಬೇಕು. ಈ ಕಡೆಯ ಹಳೇ ಮನೆಗಳಲ್ಲಿ ಇದು ಹೊಸದೇನಲ್ಲ. ಅಡಿಕೆ ಮರ ಸೀಳಿ, ತಿರುಳು ತೆಗೆದು, ದಬ್ಬೆ ಮಾಡಿ, ಒಂದಕ್ಕೊಂದು ಜೋಡಿಸಿ ಗುಡ್ಡದ ನೀರನ್ನು ಹಿತ್ತಲಿಗೆ ತರುತ್ತಿದ್ದರು. ಅದೇ ಅಬ್ಬಿ ನೀರು.

ಮೂರು ಗಂಟೆಗೆ ಕೊನೆಯ ಜಾಯಿಂಟ್ ಆಯಿತು. ಮೇಲೆ ಒಬ್ಬ ಗೇಟ್‌ವಾಲ್ವ್ ತೆಗೆದ, ಕೂಗು ಹಾಕಿದ. ಕೂಗು ಬಾಯಿಂದ ಬಾಯಿಗೆ ಇಳಿದು ಬಂತು. ಟ್ಯಾಂಕಿನ ಹತ್ತಿರ ಇಡೀ ಊರು ನಿಂತಿತ್ತು. ಮಕ್ಕಳು ಪೈಪಿಗೆ ಕಿವಿ ಇಟ್ಟಿದ್ದರು. ಹತ್ತು ನಿಮಿಷ. ಇಪ್ಪತ್ತು. ಪೈಪು ಒಮ್ಮೆ ಸೀನಿತು. ಒಂದು ಜೇಡ ಹೊರಗೆ ಬಂತು. ಆಮೇಲೆ ಏನೂ ಇಲ್ಲ.

ನಲವತ್ತು ನಿಮಿಷವಾದ ಮೇಲೆ ಜನ ನಮ್ಮ ಮುಖ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದರು. ನನಗೆ ಫಿಲ್ಟರ್ ನೆನಪಾಯಿತು. ಪ್ಲಂಬರ್ ಹುಡುಗ ಜಾಯಿಂಟ್ ಒಂದೊಂದನ್ನೇ ಮುಟ್ಟಿ ನೋಡುತ್ತಾ ಹತ್ತಿದ. ಸೋರಿಕೆ ಇಲ್ಲ. ಇಂಜಿನಿಯರ್ ಸಾಹೇಬರು ನಕ್ಷೆ ತೆಗೆದರು, ಮಡಚಿದರು, ಮತ್ತೆ ತೆಗೆದರು.

ಅಜ್ಜ ಅಲ್ಲಿರಲಿಲ್ಲ. ಅವರು ಆಗಲೇ ಪೈಪಿನ ಜೊತೆಗೇ ನಡೆದುಕೊಂಡು ಹೋಗಿ ಒಂದು ದಿಬ್ಬದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾವು ಏದುಸಿರು ಬಿಡುತ್ತಾ ಅಲ್ಲಿಗೆ ಹೋದಾಗ ಪೈಪನ್ನು ಬೆರಳಿಂದ ತಟ್ಟಿ ತೋರಿಸಿದರು. ಕೆಳಗಡೆ ತಟ್ಟಿದರೆ ದಪ್ಪ ಸದ್ದು, ದಿಬ್ಬದ ನೆತ್ತಿಯಲ್ಲಿ ಟೊಳ್ಳು. "ಇಲ್ಲಿ ಗಾಳಿ ಕೂತಿದೆ" ಅಂದರು. "ನಿಮ್ಮ ಪೈಪು ಎದ್ದು ಬಿದ್ದು ಹೋಗುತ್ತೆ, ಒಳಗೆ ಎಂತ ಆಯ್ತು ಅಂತ ಗೊತ್ತಾಗಲ್ಲ. ದಬ್ಬೆ ಸುಳ್ಳು ಹೇಳಲ್ಲ ಮಾರಾಯ್ರೇ. ಒಂದು ಬೆರಳು ಎತ್ತರ ಆದ್ರೂ ಅಲ್ಲೇ ಚೆಲ್ಲಿ ತೋರಿಸುತ್ತೆ."

ದೊಡ್ಡ ಬಂಡೆಯೊಂದನ್ನು ಸುತ್ತು ಹಾಕುವ ಬದಲು ನಾವು ಪೈಪನ್ನು ದಿಬ್ಬ ಹತ್ತಿಸಿದ್ದೆವು. ಐವತ್ತು ಮೀಟರ್ ಪೈಪ್ ಉಳಿಸಲು. ಆ ಉಳಿತಾಯದ ಸಲಹೆ ನನ್ನದೇ. ಲೆಕ್ಕದವನಲ್ವಾ?

ಅಜ್ಜ ಮೊಳೆ ಕೇಳಿದರು. ಪ್ಲಂಬರ್ ಹುಡುಗ ಮೊಳೆಯನ್ನು ಕಾಯಿಸಿ ನೆತ್ತಿಯಲ್ಲಿ ಒಂದು ತೂತು ಮಾಡಿದ. ಪೈಪು ಉಸ್ಸೆಂದಿತು. ಉಸ್ಸೆನ್ನುತ್ತಲೇ ಇತ್ತು. ಕೊನೆಗೆ ತೂತಿನಿಂದ ನೀರು ಕಾರಂಜಿಯ ಹಾಗೆ ಚಿಮ್ಮಿ ಇಂಜಿನಿಯರ್ ಸಾಹೇಬರ ಕನ್ನಡಕಕ್ಕೆ ಹೊಡೆಯಿತು. ಅಜ್ಜ ಒಂದು ಕಡ್ಡಿ ಚೂಪು ಮಾಡಿ ತೂತಿಗೆ ಜಡಿದರು. ಕೆಳಗಿನಿಂದ ಕೂಗು ಕೇಳಿಸಿತು. ಈ ಸಲ ಕೂಗು ಮೇಲಕ್ಕೆ ಹತ್ತಿ ಬಂತು.

ಆಮೇಲೆ ಕಡ್ಡಿ ತೆಗೆದು ಅಲ್ಲೊಂದು ಸಣ್ಣ ಗಾಳಿ ನಲ್ಲಿ ಕೂರಿಸಿದೆವು. ತಗ್ಗಿನಲ್ಲಿ ಕೆಸರು ತೊಳೆದು ಬಿಡಲು ಇನ್ನೊಂದು. ಗುಡ್ಡದ ನೀರು ತರುವವರು ಈ ಎರಡು ನಲ್ಲಿಗೆ ಮೊದಲೇ ದುಡ್ಡು ತೆಗೆದಿಡಿ, ದಯವಿಟ್ಟು.

ನಾಲ್ಕನೇ ದಿನ: ಶಾಲೆ

ಮೇಷ್ಟ್ರು ರಜೆಯಲ್ಲೂ ಬೈಕ್ ಹಾಕಿಕೊಂಡು ಹೊಸನಗರದಿಂದ ಬಂದಿದ್ದರು. ಒಂದರಿಂದ ಐದನೇ ತರಗತಿ, 9 ಮಕ್ಕಳು, ಒಬ್ಬರೇ ಮೇಷ್ಟ್ರು. ಹೋದ ವರ್ಷ ನಾವು ಏನು ಬೇಕು ಅಂತ ಕೇಳಿದಾಗ ನಮ್ಮ ಮನಸ್ಸಲ್ಲಿದ್ದದ್ದು ಹೊಸ ಕೊಠಡಿ, ಗೋಡೆ ತುಂಬಾ ರೈಲಿನ ಚಿತ್ರ. ಅವರು ತುಂಬಾ ಮೆಲ್ಲಗೆ, "ಬಣ್ಣ ಆಮೇಲೆ ನೋಡೋಣ ಸಾರ್, ಶೌಚಾಲಯಕ್ಕೆ ನೀರು ಕೊಡಿ" ಅಂದಿದ್ದರು. ಶೌಚಾಲಯ ಕಟ್ಟಿ ವರ್ಷಗಳಾಗಿತ್ತು. ನೀರಿಲ್ಲದೆ ಬೀಗ. ಬಿಸಿಯೂಟದ ಅಕ್ಕ ಹಳ್ಳದಿಂದ ಹೊತ್ತು ತರುವ ನೀರು ಅಡುಗೆಗೆ ಮತ್ತು ತಟ್ಟೆ ತೊಳೆಯುವುದಕ್ಕೇ ಸಾಲುತ್ತಿರಲಿಲ್ಲ. ನಾಲ್ಕು, ಐದನೇ ತರಗತಿಯ ಹೆಣ್ಣುಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲವಂತೆ. ಇದನ್ನು ಮೇಷ್ಟ್ರು ಹೇಳಲಿಲ್ಲ. ಬಿಸಿಯೂಟದ ಅಕ್ಕ ಪಾತ್ರೆ ಉಜ್ಜುತ್ತಾ ಹೇಳಿದರು.

ಹೆಂಚಿನ ಕೆಲಸ ದಿನವಿಡೀ ಹಿಡಿಯಿತು. ಇಲ್ಲಿ ಹೆಂಚು ಒಡೆಯುವುದು ಮಳೆಗಲ್ಲ, ಮಂಗಗಳಿಗೆ. ಗೆದ್ದಲು ತಿಂದ ರೀಪು ಬದಲಿಸಿ, 140 ಹೆಂಚು ಹೊಸದು ಹಾಕಿದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಎಷ್ಟು ಉಳಿಯುತ್ತವೋ ಅಂತ ಐವತ್ತು ಹೆಚ್ಚಿಗೆ ಇಟ್ಟು ಬಂದೆವು. ಏಣಿ ಮೇಲಿದ್ದ ಹುಡುಗನ ತಲೆಗೆ ಕಣಜ ಕಚ್ಚಿ ಮುಖ ಒಂದು ಕಡೆ ಊದಿತು. ಸುಣ್ಣ ಹಚ್ಚಿದರು. ಸಂಜೆ ತನಕ ಅವನು ಅಜ್ಜನ ಹಾಗೆ ಕಾಣುತ್ತಿದ್ದ.

ಎರಡು ದಿನದ ಹಿಂದೆ ನೀರು ಪರೀಕ್ಷೆಯ ಸಣ್ಣ ಬಾಟಲಿಗಳಿಗೆ ನೀರು ತುಂಬಿ ಇಟ್ಟಿದ್ದೆವು. ಒಂದಕ್ಕೆ ಹಳ್ಳದ್ದು, ಒಂದಕ್ಕೆ ಒರತೆಯದ್ದು. ನೀರಲ್ಲಿ ಮಲದ ಕ್ರಿಮಿ ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಹಳ್ಳದ ಬಾಟಲಿ ಇದ್ದಿಲಿನ ಹಾಗಾಗಿತ್ತು. ಒರತೆಯದ್ದು ಹಾಕಿದ ಬಣ್ಣದಲ್ಲೇ ಇತ್ತು. ಎರಡನ್ನೂ ಕಿಟಕಿಯಲ್ಲಿಟ್ಟೆವು. ಯಾರೂ ಭಾಷಣ ಮಾಡಲಿಲ್ಲ. ಜನ ಒಬ್ಬೊಬ್ಬರೇ ಬಂದು ನೋಡಿ ಹೋದರು. ಒಬ್ಬರು ತಾಯಿ ಕಪ್ಪು ಬಾಟಲಿಯನ್ನು ತುಂಬಾ ಹೊತ್ತು ನೋಡಿ, ಮಗುವನ್ನು ಎತ್ತಿಕೊಂಡು ಸುಮ್ನೆ ಹೋದರು. ಮಳೆ ಶುರುವಾದ ಮೇಲೆ ಒರತೆ ನೀರನ್ನೂ ಮತ್ತೆ ನೋಡಬೇಕು, ಅಲ್ಲಿಯ ತನಕ ಕಾಯಿಸಿ ಕುಡಿಯಿರಿ ಅಂತ ಹೇಳಿ ಹತ್ತು ಬಾಟಲಿ ಆಶಾ ಅಕ್ಕನ ಕೈಗೆ ಕೊಟ್ಟೆವು. ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ಎರಡು ಸಲ ತೊಳೆದಾಗಿತ್ತು.

ರಾತ್ರಿ ಶಾಲೆ ಜಗಲಿಯಲ್ಲಿ ಸಭೆ. ಟೇಪು ಕತ್ತರಿಸುವುದಿಲ್ಲ ಅಂತ ಮೊದಲೇ ಹೇಳಿದ್ದೆವು. ಮಾತಿದ್ದದ್ದು ಒಂದೇ: ವಾರಕ್ಕೊಮ್ಮೆ 1200 ಮೀಟರ್ ನಡೆದು ಜಾಲರಿ ತೊಳೆಯುವವರು ಯಾರು? ಗಂಡಸರು ಸಮಿತಿ ಮಾಡಿದರು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲ ಹತ್ತು ನಿಮಿಷದಲ್ಲಿ ಆಯಿತು. ನಡೆಯುವವರು ಮಾತ್ರ ಆಗಲಿಲ್ಲ. ಒಬ್ಬರಿಗೆ ಮಂಡಿ, ಒಬ್ಬರಿಗೆ ಕೊನೆಕೊಯ್ಲು, ಒಬ್ಬರು ವಾರಕ್ಕೆ ನಾಲ್ಕು ದಿನ ಹೊಸನಗರ.

ಹಿಂದೆ ಗೋಡೆಗೊರಗಿ ಕೂತಿದ್ದ ಹಪ್ಪಳದ ಅಕ್ಕ ಆಗ ಬಾಯಿ ಬಿಟ್ಟರು. "ಸೊಪ್ಪಿಗೆ, ದರಗಿಗೆ ಅಂತ ನಾವು ಹೆಂಗಸರು ಹೆಂಗೂ ಅತ್ಲಾಗೆ ಹೋಗ್ತೀವಿ. ಜಾಲರಿ ನಾವು ತೊಳೀತೀವಿ. ಅಧ್ಯಕ್ಷರು ಟ್ಯಾಂಕ್ ತೊಳೀಲಿ." ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜ ಜೋರಾಗಿ ನಕ್ಕುಬಿಟ್ಟರು. ಮನೆಗೆ ತಿಂಗಳಿಗೆ 50 ರೂಪಾಯಿ ಅಂತಲೂ ಆಯಿತು. ಪುಸ್ತಕ ಬರೆಯುವುದು ಹೇಗೆ ಅಂತ ನಾನು ಅಕ್ಕನ ಪಿಯುಸಿ ಓದುವ ಮಗಳಿಗೆ ತೋರಿಸಿಕೊಟ್ಟೆ. ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಐದನೇ ದಿನ: ದೇವಗಂಗೆ

ಹೊರಡುವಾಗ ಪಿಕಪ್ ಖಾಲಿ ಇರಲಿಲ್ಲ. ಎರಡು ಹಲಸಿನಕಾಯಿ, ಒಂದು ಡಬ್ಬಿ ಮಿಡಿ, ಸೌತೆಕಾಯಿ, ಎರಡು ಕಟ್ಟು ಹಪ್ಪಳ. ಹರಿದದ್ದಲ್ಲ, ಚೆನ್ನಾಗಿರುವುದು. ಫಿಲ್ಟರನ್ನು ವಾಪಸ್ ಒಯ್ಯುತ್ತೇವೆ ಅಂದೆವು. ಮೇಷ್ಟ್ರು ಸಂಕೋಚದಿಂದ, "ಇರಲಿ ಸಾರ್, ಇಲಿ ಸೀಮೆಸುಣ್ಣ ಮುಟ್ಟಲ್ಲ" ಅಂದರು.

ದಾರಿಯಲ್ಲಿ ನಗರದ ಹತ್ತಿರ ದೇವಗಂಗೆಗೆ ಹೋದೆವು. ಕೆಳದಿ ಅರಸರು ಬಿದನೂರಿನಲ್ಲಿ ಆಳುತ್ತಿದ್ದ ಕಾಲದ ಕೊಳಗಳು. ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದು ತನ್ನ ಹೆಸರಿಟ್ಟ, ಅದೇ ಸವೆದು ಈಗ ಬರೀ ನಗರ. ಕೋಟೆ ಪಾಳು ಬಿದ್ದಿದೆ. ಕೊಳಕ್ಕೆ ಗುಡ್ಡದ ನೀರು ಈಗಲೂ ಬೀಳುತ್ತಿದೆ, ಬೇಸಿಗೆಯಲ್ಲೂ. ಕೋಟೆಗೆ ಹೋಗುವವರು ಇದನ್ನು ಬಿಟ್ಟು ಬರುತ್ತಾರೆ, ಹಾಗೆ ಮಾಡಬೇಡಿ. ಬೆಳಿಗ್ಗೆ ಬೇಗ ಹೋದರೆ ಯಾರೂ ಇರುವುದಿಲ್ಲ. ಇಂಜಿನಿಯರ್ ಸಾಹೇಬರು ಮೆಟ್ಟಿಲಲ್ಲಿ ಕೂತು ಕಲ್ಲಿನ ಕಾಲುವೆಯ ಇಳಿಜಾರನ್ನು ಕಣ್ಣಲ್ಲೇ ಅಳೆದರು. ಎಲ್ಲೂ ದಿಬ್ಬ ಹತ್ತಿಸಿರಲಿಲ್ಲ. ಅವರು ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಜೂನ್ ಎರಡನೇ ವಾರ ಫೋನ್ ಬಂತು. ಹಪ್ಪಳದ ಅಕ್ಕ. ಹಿಂದೆ ಮಳೆಯ ಸದ್ದು. ದಿಬ್ಬದ ಮೇಲೆ ನಿಂತಿದ್ದರಂತೆ, ಅಲ್ಲಿ ಎರಡು ಗೆರೆ ಸಿಗ್ನಲ್ ಬರುತ್ತದೆ.

"ಮೊನ್ನೆಯಿಂದ ನೀರು ನಿಂತಿತ್ತು" ಅಂದರು.

ನನಗೆ ಎದೆ ಧಸಕ್ಕೆಂದಿತು. "ನಾವು ಬರಬೇಕಾ ಅಕ್ಕ? ಪ್ಲಂಬರ್‌ಗೆ ಹೇಳ್ಲಾ?"

"ನೀವೆಂತಕ್ಕೆ? ಜಾಲರಿ ಹರಿದು ಪೈಪಿನ ಬಾಯಿಗೆ ಏಡಿ ಕೂತಿತ್ತು. ತೆಗೆದ್ವಿ. ಹೊಸ ಜಾಲರಿ 120 ರೂಪಾಯಿ, ಪುಸ್ತಕದಲ್ಲಿ ಬರೆದಿದೀವಿ."

"ಮತ್ತೆ ಏಡಿ?"

"ಅದರ ಜೊತೆಗೆ ಇನ್ನೊಂದು ಹತ್ತು ಹಿಡಿದು ಸಾರು ಮಾಡಿಯಾಯ್ತು" ಅಂದರು.